ಕಿಟಕಿ ಮೂಲೆಯ ಐದು ಮಡಕೆ

ನಮ್ಮ ಶಾಲೆಯಲ್ಲಿ ಒಂದು ಸಾಮಾನು ಕೋಣೆ ಇದೆ. ಮುರಿದ ಬೆಂಚು, ಬಣ್ಣ ಹೋದ ಭೂಪಟ, ಬಿಸಿಯೂಟದ ಖಾಲಿ ಚೀಲ, ಎಲ್ಲ ಅಲ್ಲಿ. ಒಂದು ಜುಲೈ ತಿಂಗಳು ಅದರ ಕಿಟಕಿಯ ಮೇಲಿನ ಮೂಲೆಯಲ್ಲಿ ಕಣಜವೊಂದು ಮಡಕೆ ಕಟ್ಟಲು ಶುರು ಮಾಡಿತು. ನನ್ನ ಮೊದಲ ಮಕ್ಕಳ ಪುಸ್ತಕ ಹುಟ್ಟಿದ್ದು ಅಲ್ಲಿ. 24 ಪುಟ, 131 ಪದ. ಮುಗಿಸಲು 16 ತಿಂಗಳು ಬೇಕಾಯಿತು. ನಾಲ್ಕು ದಿನಕ್ಕೆ ಒಂದು ಪದ ಬಿತ್ತು ಅಂತ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ಒಂದು ದಿನ ಎರಡನೇ ತರಗತಿಯ ಹುಡುಗಿ ಅಂಗೈಯಲ್ಲಿ ಒಂದು ಮಣ್ಣಿನ ಗಟ್ಟಿ ಹಿಡಿದುಕೊಂಡು ಬಂದಳು. "ಮಿಸ್, ಇದರೊಳಗೆ ಯಾರಿದ್ದಾರೆ?"

ಏನಿದೆ ಅಂತ ಕೇಳಲಿಲ್ಲ, ಯಾರಿದ್ದಾರೆ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಓದುವ ಮೂಲೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆವು. ಹುಲಿ ಇತ್ತು, ಪೆಂಗ್ವಿನ್ ಇತ್ತು, ಕಾಂಗರೂ ಕೂಡ ಇತ್ತು. ಮೊಬೈಲಿನಲ್ಲಿ ಸ್ಟೋರಿವೀವರ್ ತೆರೆದು ನೋಡಿದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ ಅದು. ಕನ್ನಡದಲ್ಲೇ ಬೇಕಾದಷ್ಟು ಚಿತ್ರಪುಸ್ತಕ ಪುಕ್ಕಟೆ ಸಿಗುತ್ತವೆ, ನಾನು ದಿನಾ ಬಳಸುತ್ತೇನೆ. ಆ ಸಂಜೆ ಹುಡುಕಿದಾಗ ಈ ಮಣ್ಣಿನ ಗಟ್ಟಿಯ ಬಗ್ಗೆ ಮಾತ್ರ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ. ಸರಿ, ನಾವೇ ಮಾಡೋಣ ಅಂದುಬಿಟ್ಟೆ. ಸುಮ್ನೆ ಅಂದ ಮಾತು. ಮಕ್ಕಳು ಮರೆಯಬೇಕಲ್ಲ?

ಮೊದಲ ಮೂರು ವಾರ ಒಂದು ಸಾಲೂ ಬರೆಯಲಿಲ್ಲ. ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ ಒಂದು ಸ್ಟೂಲ್ ಹಾಕಿಕೊಂಡು ಕಿಟಕಿ ಕೆಳಗೆ ಕೂರುತ್ತಿದ್ದೆ. ಕೈಯಲ್ಲಿ ನೋಟ್‌ಬುಕ್ಕು, ಎರಡು ಪೆನ್ನು. ಕಣ್ಣಾರೆ ನೋಡಿದ್ದು ನೀಲಿ ಪೆನ್ನಿನಲ್ಲಿ, ಓದಿ ಅಥವಾ ಕೇಳಿ ತಿಳಿದದ್ದು ಕೆಂಪು ಪೆನ್ನಿನಲ್ಲಿ. ಈ ಒಂದು ಅಭ್ಯಾಸ ನನ್ನನ್ನು ಎಷ್ಟೋ ಕಡೆ ಕಾಪಾಡಿತು. ಕೊನೆಗೆ ಒಂದು ಕಡೆ ಕೈ ಕೊಟ್ಟಿತು, ಅದನ್ನು ಆಮೇಲೆ ಹೇಳುತ್ತೇನೆ.

ನೀಲಿ ಪೆನ್ನಿನ ಪುಟಗಳು ಹೀಗಿವೆ. ಕಣಜ ಬರುವಾಗ ಅದರ ದವಡೆಯಲ್ಲಿ ಒದ್ದೆ ಮಣ್ಣಿನ ಉಂಡೆ ಇರುತ್ತದೆ, ಮೆಣಸುಕಾಳಿಗಿಂತ ಸ್ವಲ್ಪ ಚಿಕ್ಕದು. ಗೋಡೆಗೆ ಒತ್ತಿ, ಮುಂಗಾಲು ಮತ್ತು ಬಾಯಿಯಿಂದ ಅದನ್ನು ಪಟ್ಟಿಯ ಹಾಗೆ ಎಳೆಯುತ್ತದೆ. ಕುಂಬಾರರು ಚಕ್ರ ತಿರುಗಿಸುತ್ತಾರೆ, ಇದು ಮಡಕೆಯ ಸುತ್ತ ತಾನೇ ತಿರುಗುತ್ತದೆ. ಒಂದು ಉಂಡೆ ಮುಗಿದ ಕೂಡಲೇ ಹಾರಿಹೋಗಿ ಇನ್ನೊಂದು ತರುತ್ತದೆ. ಎರಡನೇ ದಿನ ಪೂರ್ತಿ ಕೂತು ಎಣಿಸಿದೆ. ಒಂದು ಮಡಕೆಗೆ 22 ಉಂಡೆ ಬಿದ್ದವು, ಎರಡು ಗಂಟೆ ಚಿಲ್ಲರೆ ಹಿಡಿಯಿತು. ಕೊನೆಯ ಎರಡು ಉಂಡೆಯಲ್ಲಿ ಮಡಕೆಗೆ ಕತ್ತು, ಕತ್ತಿಗೆ ಅಗಲವಾದ ಅಂಚು. ಥೇಟ್ ಮೊಸರು ಕುಡಿಕೆ! ಮಣ್ಣು ಎಲ್ಲಿಂದ ತರುತ್ತೆ ಅಂತ ಮಕ್ಕಳೇ ಬೆನ್ನು ಹತ್ತಿ ಪತ್ತೆ ಮಾಡಿದರು. ನಲ್ಲಿ ಹತ್ತಿರ ಹೋಗಿ ನೀರು ಕುಡಿಯುತ್ತಿತ್ತು. ಆಮೇಲೆ ಕಾಂಪೌಂಡಿನ ಒಣ ನೆಲಕ್ಕೆ ಹೋಗಿ, ಆ ನೀರನ್ನು ಕಕ್ಕಿ, ಮಣ್ಣು ನಾದಿ ಉಂಡೆ ಕಟ್ಟುತ್ತಿತ್ತು.

ಮಡಕೆ ಆದ ಮೇಲೆ ಕಣಜ ತನ್ನ ಹಿಂಭಾಗವನ್ನು ಕತ್ತಿನೊಳಗೆ ಇಳಿಸಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. ಇಲ್ಲಿಗೆ ನೀಲಿ ಪೆನ್ನು ನಿಂತಿತು. ಒಳಗೆ ಆಗಿದ್ದು ನನಗೆ ಕಾಣಲಿಲ್ಲ. ಮುಂದಿನದು ಕೆಂಪು ಪೆನ್ನು: ಅದು ಒಂದೇ ಒಂದು ಮೊಟ್ಟೆ ಇಟ್ಟು, ಅದನ್ನು ಒಂದು ಸಣ್ಣ ಎಳೆಯಿಂದ ಮಡಕೆಯ ಒಳಮಾಳಿಗೆಗೆ ನೇತುಹಾಕುತ್ತದೆ. ಮನೆಯ ತೊಲೆಗೆ ತೊಟ್ಟಿಲು ಕಟ್ಟಿದ ಹಾಗೆ. ಫ್ರಾನ್ಸಿನ ಫಾಬ್ರ್ ಎಂಬ ಮೇಷ್ಟ್ರು ನೂರು ವರ್ಷಕ್ಕೂ ಹಿಂದೆಯೇ ಇಂಥ ಗೂಡನ್ನು ತೆರೆದು ಈ ನೇತಾಡುವ ಮೊಟ್ಟೆಯನ್ನು ನೋಡಿ ಬರೆದಿಟ್ಟಿದ್ದಾರೆ. ಮೊಟ್ಟೆ ಇಟ್ಟಾದ ಮೇಲೆಯೇ ಕಣಜ ಬೇಟೆಗೆ ಹೋಗುವುದು. ನಮ್ಮ ಕಣಜ ಒಂದಾದ ಮೇಲೆ ಒಂದು ಆರು ಹಸಿರು ಹುಳ ತಂದು ತುರುಕಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿತು. ಹೀಗೇ ಐದು ಮಡಕೆ ಪಕ್ಕಪಕ್ಕ ಕಟ್ಟಿ, ಎಲ್ಲದರ ಮೇಲೆ ಇನ್ನೊಂದು ಪದರ ಮಣ್ಣು ಸಾರಿಸಿ ಹೊರಟುಹೋಯಿತು. ಮಡಕೆಗಳ ಉಬ್ಬು ಮಾತ್ರ ಕಾಣುತ್ತಿತ್ತು.

ಇಷ್ಟು ಆದ ಮೇಲೆ ಒಂದು ಭಾನುವಾರ ಕೂತು ಮೊದಲ ಕರಡು ಬರೆದೆ. ಸೋಮವಾರ ಮಕ್ಕಳಿಗೆ ಓದಿದೆ. "ಕಣಜ ಹಸಿರು ಹುಳ ತಂದು ಗೂಡಿನಲ್ಲಿ ಇಟ್ಟಿತು" ಅನ್ನುವ ಸಾಲು ಬಂದಾಗ, ಮಣ್ಣಿನ ಗಟ್ಟಿ ತಂದಿದ್ದ ಅದೇ ಹುಡುಗಿ, "ಇಲ್ಲ ಮಿಸ್, ನಮ್ಮನೇದರಲ್ಲಿ ಜೇಡ ಇತ್ತು" ಅಂದಳು. ನಾನು ನಂಬಲಿಲ್ಲ. ಮಾರನೇ ದಿನ ಅವಳು ಮನೆಯ ಬಾಗಿಲ ಚೌಕಟ್ಟಿನಿಂದ ಇನ್ನೊಂದು ಗಟ್ಟಿ ಕಿತ್ತು ತಂದಳು. ಹಳೇ ಪೇಪರಿನ ಮೇಲೆ ಇಟ್ಟು ನಿಧಾನವಾಗಿ ಒಡೆದೆವು. ಒಳಗೆ ಬೆರಳಿನಂಥ ಉದ್ದುದ್ದ ಕೋಣೆಗಳು. ಒಂದೊಂದರಲ್ಲೂ ಜೇಡಗಳು ಒತ್ತೊತ್ತಾಗಿ ತುಂಬಿದ್ದವು. ಚುಕ್ಕೆಯವು, ಪಟ್ಟೆಯವು, ಒಂದಂತೂ ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ. ಒಂದು ಕೋಣೆಯಿಂದ ಹದಿಮೂರು ಬಂದವು. ಮಕ್ಕಳ ಖುಷಿ ಕೇಳಬೇಡಿ.

ವಿಷಯ ಇಷ್ಟೇ: ಮನೆಯ ಗೋಡೆ ಮೇಲೆ ಮಣ್ಣು ಮೆತ್ತುವ ಕಣಜಗಳು ಒಂದೇ ಜಾತಿಯವಲ್ಲ. ದುಂಡು ಮಡಕೆ ಕಟ್ಟುವುದು ಒಂದು ಗುಂಪು. ಅದು ಎಲೆ ತಿನ್ನುವ ಹುಳಗಳನ್ನು ಹಿಡಿಯುತ್ತದೆ. ಕೊಳವೆಯಂಥ ಕೋಣೆಗಳನ್ನು ಸಾಲಾಗಿ ಜೋಡಿಸಿ ಮೇಲೆ ಮಣ್ಣು ಮೆತ್ತುವುದು ಇನ್ನೊಂದು ಗುಂಪು. ಕಪ್ಪು ಮೈಯಲ್ಲಿ ಹಳದಿ ಗುರುತು, ದಾರದಷ್ಟು ತೆಳು ಸೊಂಟ. ಅದಕ್ಕೆ ಜೇಡಗಳೇ ಬೇಕು. ನಾವು ಎರಡಕ್ಕೂ ಕಣಜ ಅಂತೀವಿ, ಕುಂಬಾರ ಹುಳ ಅಂತೀವಿ, ಕಡಜ ಅಂತಲೂ ಅಂತೀವಿ. ನನ್ನ ಕರಡಿನಲ್ಲಿ ಇವೆರಡೂ ಕಲಸುಮೇಲೋಗರ ಆಗಿದ್ದವು. ಮೈ ಒಂದರದ್ದು, ಮನೆ ಇನ್ನೊಂದರದ್ದು, ಊಟ ಯಾವುದರದ್ದೋ. ಏಳು ವರ್ಷದ ಹುಡುಗಿ ಇರದಿದ್ದರೆ ಅದು ಹಾಗೇ ಅಚ್ಚಾಗುತ್ತಿತ್ತು. ಕರಡು ಹರಿದು ಹಾಕಿದೆ. ಪುಸ್ತಕ ಮಡಕೆ ಕಟ್ಟುವ ಕಣಜದ್ದು ಮಾತ್ರ ಅಂತ ಅವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಪದಗಳ ಪಂಚಾಯಿತಿ. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಅ ಆ ಇ ಈ ಕ್ರಮದಲ್ಲಿ ಕಲಿಯುವುದಿಲ್ಲ, ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಹಾಗಾಗಿ ಹೊಸದಾಗಿ ಓದುವ ಮಗುವಿಗೆ 'ಕಣಜ' ಅನ್ನುವ ಪದ ಒಂದು ವರ. ಕ, ಣ, ಜ. ಕಾಗುಣಿತ ಇಲ್ಲ, ಒತ್ತಿಲ್ಲ. 'ಮಡಕೆ'ಯಲ್ಲಿ ಒಂದೇ ಒಂದು ಎತ್ವ. ಮಣ್ಣು, ಮೊಟ್ಟೆ ಎರಡನ್ನೂ ಬಿಡಲು ಆಗಲಿಲ್ಲ, ಆ ಎರಡು ಒತ್ತು ಪದಗಳಿಗೆ ಚಿತ್ರ ಆಸರೆ ಕೊಟ್ಟಿತು.

ಇನ್ನೊಂದು ಸಂಗತಿ ತಡವಾಗಿ ಹೊಳೆಯಿತು. ಕಣಜ ಅಂದರೆ ಧಾನ್ಯ ತುಂಬಿಡುವ ಉಗ್ರಾಣವೂ ಹೌದಲ್ವಾ! ನಮ್ಮ ಅಜ್ಜಿ ಮನೆಯಲ್ಲಿ ಬಿದಿರಿನ ಕಣಜಕ್ಕೆ ಸಗಣಿ ಸಾರಿಸಿ ರಾಗಿ ತುಂಬಿಡುತ್ತಿದ್ದರು. ಈ ಹುಳ ಮಾಡುವುದೂ ಅದೇ ಕೆಲಸ. ಮೂರನೇ ಪುಟದಲ್ಲಿ ರಾಗಿ ಕಣಜದ ಚಿತ್ರ, ಎದುರು ಪುಟದಲ್ಲಿ ಮಣ್ಣಿನ ಮಡಕೆ. ಪದ ಒಂದೇ: ಕಣಜ. ಬೇರೆ ಯಾವ ಭಾಷೆಗೂ ಈ ಪುಟವನ್ನು ಅನುವಾದ ಮಾಡಲು ಆಗಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ.

'ಅದು' ಅನ್ನಬೇಕೋ 'ಅವಳು' ಅನ್ನಬೇಕೋ ಅನ್ನುವುದರ ಮೇಲೆ ವಾರಗಟ್ಟಲೆ ಚರ್ಚೆ ಆಯಿತು. ಮಡಕೆ ಕಟ್ಟುವುದು ಹೆಣ್ಣೇ. ಗಂಡು ಕಟ್ಟುವುದಿಲ್ಲ. ಚಿತ್ರ ಬರೆದ ಗೆಳತಿ 'ಕಣಜಮ್ಮ' ಅಂತ ಕರೆಯೋಣ ಅಂದಳು. ಕೇಳಲು ಚೆನ್ನಾಗಿದೆ. ಆದರೆ 'ಕಣಜಮ್ಮ' ಅಂದ ಕೂಡಲೇ ಮುಂದಿನ ಸಾಲು ತಾನಾಗೇ ಬಂದುಬಿಡುತ್ತದೆ: "ಪಾಪುಗೆ ಊಟ ಮಾಡಿಟ್ಟಳು, ಮುತ್ತು ಕೊಟ್ಟಳು". ಮುತ್ತೂ ಇಲ್ಲ, ಪಾಪುವನ್ನು ಅದು ನೋಡುವುದೂ ಇಲ್ಲ. ಬಾಯಿ ಮುಚ್ಚಿ ಹೋದರೆ ಹೋಯಿತು. ಕನ್ನಡದಲ್ಲಿ 'ಅದು' ಅನ್ನುವುದು ಎಷ್ಟು ಸಹಜ ನೋಡಿ! ನಾಯಿಗೂ ಅದು, ಹಸುವಿಗೂ ಅದು, ತೊಟ್ಟಿಲ ಮಗುವಿಗೂ ಅದೇ. ಅಕ್ಕರೆ ಕಡಿಮೆ ಆಗಲ್ಲ. 'ಅದು' ಉಳಿಯಿತು.

ಹುಳದ ಹೆಸರಿಗೂ ಪರದಾಟ. ನಾನು ಕಂಬಳಿಹುಳ ಅಂತ ಬರೆದಿದ್ದೆ. "ಇದಕ್ಕೆ ಕೂದಲೇ ಇಲ್ವಲ್ಲ ಮಿಸ್, ಕಂಬಳಿ ಎಲ್ಲಿ?" ಅಂದ ಒಬ್ಬ. ನ್ಯಾಯವಾದ ಪ್ರಶ್ನೆ. 'ಹಸಿರು ಹುಳ' ಆಯಿತು.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು 14 ಮತ್ತು 15ನೇ ಪುಟ. ಕಣಜ ಹುಳವನ್ನು ಕೊಲ್ಲುವುದಿಲ್ಲ. ಚುಚ್ಚಿ, ಅಲ್ಲಾಡಲು ಆಗದ ಹಾಗೆ ಮಾಡುತ್ತದೆ. ಸತ್ತರೆ ಕೊಳೆಯುತ್ತದೆ, ಮರಿ ತಿನ್ನುವಷ್ಟರಲ್ಲಿ ಕೆಟ್ಟುಹೋಗುತ್ತದೆ. ಜೀವ ಇದ್ದರೆ ತಾಜಾ ಇರುತ್ತದೆ. ಒಳ್ಳೇ ಉಪಾಯ, ಕೇಳಲು ಮಾತ್ರ ಕಷ್ಟ. ಆರು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುವುದು?

ನಮ್ಮ ಅಜ್ಜಿಯ ಹತ್ತಿರ ಇದಕ್ಕೆ ಸುಂದರವಾದ ಉತ್ತರ ಇತ್ತು. ಕುಂಬಾರ ಹುಳ ಒಂದು ಪಾಪದ ಹುಳವನ್ನು ತಂದು ಗೂಡಿನಲ್ಲಿಟ್ಟು, ಸುತ್ತ ಗುಂಯ್‌ಗುಟ್ಟುತ್ತಾ ಇರುತ್ತದೆ. ಆ ಹುಳ ಹಗಲೂ ರಾತ್ರಿ ಅದನ್ನೇ ನೆನೆನೆನೆದು ಕೊನೆಗೆ ತಾನೇ ಕುಂಬಾರ ಹುಳ ಆಗಿಬಿಡುತ್ತದೆ. ಕೀಟ-ಭೃಂಗ ನ್ಯಾಯ ಅಂತ ದೊಡ್ಡವರು ಹೇಳುವುದು ಇದನ್ನೇ. ವಚನಗಳಲ್ಲಿ ಈ ಹುಳಕ್ಕೆ ಕುಂಡಲಿಗ ಅಂತ ಹೆಸರಿದೆ. ಗುರುವಿನ ಹತ್ತಿರ ಇದ್ದು ಶಿಷ್ಯನೂ ಗುರುವಾಗುವುದಕ್ಕೆ ಅದಕ್ಕಿಂತ ಚೆಂದದ ಹೋಲಿಕೆ ಸಿಗಲಿಕ್ಕಿಲ್ಲ. ಹಳಬರು ನೋಡಿದ್ದೂ ಸುಳ್ಳಲ್ಲ. ಒಳಗೆ ಹೋಗಿದ್ದು ಹಸಿರು ಹುಳ, ಹೊರಗೆ ಬಂದದ್ದು ಕಣಜ. ನಡುವೆ ನೇತಾಡುತ್ತಿದ್ದ ಮೊಟ್ಟೆ ಅವರಿಗೆ ಕಾಣಲಿಲ್ಲ ಅಷ್ಟೇ. ಅಜ್ಜಿಯ ಕಥೆಯನ್ನು ನಾನು ಮಕ್ಕಳಿಗೆ ಬಾಯಲ್ಲಿ ಹೇಳುತ್ತೇನೆ, ಪುಸ್ತಕದಲ್ಲಿ ಹಾಕಲಿಲ್ಲ.

ಕರಡನ್ನು ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಅವರಿಗೆ ಪುಸ್ತಕ ಇಷ್ಟ ಆಯಿತು. ಆದರೆ 14ನೇ ಪುಟದಲ್ಲಿ "ಹಸಿರು ಹುಳ ಮಲಗಿದೆ" ಅಂತ ಬದಲಿಸಿ ಅಂದರು. ಮಕ್ಕಳು ಹೆದರುತ್ತಾರಂತೆ. ನಾನು ಎರಡು ರಾತ್ರಿ ಯೋಚನೆ ಮಾಡಿದೆ. ಮಲಗಿದೆ ಅಂತ ಬರೆದರೆ ಮಗು ಮುಂದಿನ ಪುಟದಲ್ಲಿ ಅದು ಏಳುವುದನ್ನು ಕಾಯುತ್ತದೆ. ಮುಂದಿನ ಪುಟದಲ್ಲಿ ಕಣಜದ ಮರಿ ಅದನ್ನು ತಿನ್ನುತ್ತಿರುತ್ತದೆ. ಹೆದರಿಕೆ ಹುಟ್ಟುವುದು ಆಗ. ಅಷ್ಟೇ ಅಲ್ಲ, ರಾತ್ರಿ ಮಲಗುವುದಕ್ಕೇ ಹೆದರಬಹುದು!

ತರಗತಿಯಲ್ಲಿ ಪರೀಕ್ಷೆ ಮಾಡಿಯೇ ಬಿಡೋಣ ಅಂತ ಇದ್ದದ್ದನ್ನು ಇದ್ದ ಹಾಗೆ ಓದಿದೆ. "ಕಣಜ ಚುಚ್ಚಿತು. ಹುಳ ಮರಗಟ್ಟಿತು. ಜೀವ ಇದೆ. ಅಲ್ಲಾಡಲು ಆಗದು." ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಒಬ್ಬಳು "ಪಾಪ" ಅಂದಳು. ಪಕ್ಕದವನು, "ಕಣಜದ ಮರಿ ಏನು ತಿನ್ನಬೇಕು ಮತ್ತೆ? ಅನ್ನ ತಿನ್ನುತ್ತಾ?" ಅಂದ. ಮೂರನೆಯವನು, "ಹಲ್ಲಿನ ಡಾಕ್ಟ್ರು ಸೂಜಿ ಚುಚ್ಚಿದಾಗ ನನ್ನ ತುಟಿನೂ ಮರಗಟ್ಟಿತ್ತು" ಅಂದ. ಅಲ್ಲಿಗೆ ಮುಗಿಯಿತು. 'ಮರಗಟ್ಟು' ಅನ್ನುವ ಪದ ಮಗುವಿಗೆ ಮೈಯಿಂದಲೇ ಗೊತ್ತಿದೆ. ಕಾಲು ಮಡಚಿ ಜಾಸ್ತಿ ಹೊತ್ತು ಕೂತರೆ ಸಾಕು. ಸಾಲು ಬದಲಿಸಲಿಲ್ಲ. ಪ್ರಕಾಶಕರು ಕೈ ಬಿಟ್ಟರು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ನಾವೇ ದುಡ್ಡು ಹಾಕಿ ಅಚ್ಚು ಮಾಡಿಸಿದೆವು.

ಚಿತ್ರದ ವಿಷಯಕ್ಕೆ ಬರುತ್ತೇನೆ. ಫೋಟೋ ಹಾಕಬಹುದಿತ್ತು, ಆದರೆ ಮಡಕೆಯ ಒಳಗೆ ಯಾವ ಕ್ಯಾಮೆರಾ ಇಡುವುದು? ಒಳಗಿನದನ್ನು ಸೀಳಿ ತೋರಿಸಬೇಕಾದರೆ ಕುಂಚವೇ ಬೇಕು. ಗೆಳತಿ ಜಲವರ್ಣದಲ್ಲಿ ಮಾಡಿದಳು. ಕೈ ತುಂಬಾ ಚೆನ್ನಾಗಿದೆ, ಕೀಟಗಳನ್ನು ಮಾತ್ರ ಯಾವತ್ತೂ ಬರೆದಿರಲಿಲ್ಲ. ಮೊದಲ ಚಿತ್ರದಲ್ಲಿ ಕಣಜಕ್ಕೆ ಬಿಳಿ ಗುಡ್ಡೆಯ ಕಣ್ಣು, ರೆಪ್ಪೆಗೂದಲು, ನಗುವ ಬಾಯಿ. ಹಿಂದಿನ ನಾಲ್ಕು ಕಾಲು ಹೊಟ್ಟೆಗೆ ಅಂಟಿಕೊಂಡಿದ್ದವು. ಕೀಟದ ಆರೂ ಕಾಲು, ನಾಲ್ಕೂ ರೆಕ್ಕೆ ಹುಟ್ಟುವುದು ಎದೆಯಿಂದ. ಸೊಂಟದ ಹಿಂದಿನ ಉಬ್ಬಿನಲ್ಲಿ ಕಾಲೇ ಇಲ್ಲ. ನಿವೃತ್ತ ಪ್ರಾಣಿಶಾಸ್ತ್ರ ಮೇಷ್ಟ್ರೊಬ್ಬರು ಚಿತ್ರಗಳನ್ನೆಲ್ಲ ಕನ್ನಡಕ ಏರಿಸಿಕೊಂಡು ನೋಡಿದರು. ಈ ಜಾತಿ ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಚುತ್ತದೆ, ಸೀರೆ ನೆರಿಗೆ ಹಿಡಿದ ಹಾಗೆ ಸಪೂರ ಕಾಣಬೇಕು ಅಂದರು. ಐದು ಪುಟದ ರೆಕ್ಕೆ ಮತ್ತೆ ಬರೆಯಬೇಕಾಯಿತು. ಗೆಳತಿ ಎರಡು ದಿನ ನನ್ನ ಫೋನ್ ಎತ್ತಲಿಲ್ಲ.

ಗಾತ್ರದ ಎಡವಟ್ಟು ಇನ್ನೂ ತಮಾಷೆ. ಎರಡು ಪುಟ ತುಂಬಾ ಒಂದೇ ಕಣಜ ಬರೆದಿದ್ದೆವು, ಬಲು ಗಂಭೀರವಾಗಿ. ಒಂದನೇ ತರಗತಿಯ ಪೋರ ನೋಡಿ, "ಅಬ್ಬಾ, ಕಾಗೆಗಿಂತ ದೊಡ್ಡದು! ನಮ್ಮೂರಲ್ಲಿ ಇಲ್ಲ ಇದು" ಅಂದುಬಿಟ್ಟ. ದಿನಾ ಅವನ ತಲೆ ಮೇಲೇ ಹಾರಾಡುತ್ತಿತ್ತು ಅದು! ಈಗ ಆ ಪುಟದ ಮೂಲೆಯಲ್ಲಿ ಒಂದು ಪುಟ್ಟ ಕಪ್ಪು ಕಣಜ ಇದೆ, ನಿಜವಾದ ಅಳತೆಯಲ್ಲಿ, ಎರಡೂವರೆ ಸೆಂಟಿಮೀಟರ್. ಕೆಳಗೆ "ನಿಜಕ್ಕೂ ಇಷ್ಟೇ" ಅಂತ ಬರೆದಿದೆ. ಮಕ್ಕಳು ಅದರ ಮೇಲೆ ಬೆರಳಿಟ್ಟು ಅಳೆಯುತ್ತಾರೆ. ಆ ಜಾಗ ಎಲ್ಲ ಪ್ರತಿಗಳಲ್ಲೂ ಮಾಸಿ ಹೋಗಿದೆ.

ಪ್ರೆಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ನನಗೆ 22 ಪುಟ ಸಾಕಿತ್ತು, 24 ಆಯಿತು. ಉಳಿದ ಎರಡು ದೊಡ್ಡವರ ಪಾಲಾಯಿತು. ಮೊದಲ ಪ್ರೂಫ್ ಬಂದಾಗ ಆ ದೊಡ್ಡ ಕಣಜದ ತೆಳು ಸೊಂಟ ಸರಿಯಾಗಿ ಪುಟಗಳ ಮಡಿಕೆಯೊಳಗೆ ಬಿದ್ದು ಮಾಯ. ಎಡಗಡೆ ಒಂದು ತಲೆ, ಬಲಗಡೆ ಒಂದು ಹೊಟ್ಟೆ. ಇದನ್ನು ಮೊದಲೇ ಎಂಟಾಣೆ ಕೆಲಸದಲ್ಲಿ ತಿಳಿಯಬಹುದಿತ್ತು. ಬಿಳಿ ಹಾಳೆಗಳನ್ನು ಮಡಚಿ, ದಾರದಲ್ಲಿ ಹೊಲಿದು, ಪೆನ್ಸಿಲಿನಲ್ಲಿ ಗೀಚಿ ಒಂದು ನಕಲಿ ಪುಸ್ತಕ ಮಾಡಿಕೊಳ್ಳಬೇಕು. ಈಗ ಮೊದಲು ಮಾಡುವುದೇ ಅದು.

ಕೊನೆಯ ಎರಡು ಪುಟದಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು ಬರೆದಿದ್ದೇನೆ. ಹೀಗೆ ಒಂಟಿಯಾಗಿ ಮಡಕೆ ಕಟ್ಟುವ ಕಣಜ ಗೂಡು ಕಾಯುತ್ತಾ ಕೂರುವುದಿಲ್ಲ, ಹಿಡಿದು ಹಿಸುಕಿದರೆ ಮಾತ್ರ ಚುಚ್ಚೀತು. ಕಾಗದದಂಥ ಗೂಡಿನಲ್ಲಿ ಆರು ಮೂಲೆಯ ಕೋಣೆ ಮಾಡಿಕೊಂಡು ಗುಂಪಾಗಿ ಇರುವ ಕಣಜಗಳ ಕಥೆ ಬೇರೆ, ಹತ್ತಿರ ಹೋಗಬೇಡಿ. ಎರಡು ಗೂಡಿನ ಚಿತ್ರವನ್ನೂ ಅಕ್ಕಪಕ್ಕ ಹಾಕಿದ್ದೇವೆ. ಇದು ಬೇಕೇ ಬೇಕಿತ್ತು. ಒಬ್ಬ ತಂದೆ ಆಗಲೇ ಶಾಲೆಗೆ ಬಂದು, ಮಕ್ಕಳಿಗೆ ಕಣಜದ ಹತ್ತಿರ ಹೋಗಲು ಹೇಳಿಕೊಡ್ತೀರಾ ಅಂತ ಜಗಳ ತೆಗೆದಿದ್ದರು. ಅವರ ಮಾತಿನಲ್ಲೂ ಹುರುಳಿತ್ತು.

ಬಿಟ್ಟದ್ದೂ ಇದೆ. ನಾಲ್ಕನೇ ಮಡಕೆಗೆ ಹುಳ ತುಂಬುವಾಗ ಪಚ್ಚೆ ಹಸಿರಿನ, ಗಾಜಿನ ಹಾಗೆ ಮಿನುಗುವ ಇನ್ನೊಂದು ಕಣಜ ಸುತ್ತಮುತ್ತ ಸುಳಿದಾಡುತ್ತಿತ್ತು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ ಅದು ಬೇರೆಯವರ ಮಡಕೆಯಲ್ಲಿ ಮೊಟ್ಟೆ ಇಡುವ ಜಾತಿ. ನೋಡಲು ಅಷ್ಟು ಚೆಂದದ ಕಳ್ಳನನ್ನು ನಾನು ಇನ್ನೊಂದು ಕಂಡಿಲ್ಲ. ಆದರೆ ಅದನ್ನು ತಂದರೆ ಕಥೆ ಎರಡು ದಾರಿ ಹಿಡಿಯುತ್ತಿತ್ತು. 131 ಪದದಲ್ಲಿ ಎರಡು ದಾರಿಗೆ ಜಾಗ ಇಲ್ಲ. ಅದಕ್ಕೆ ಬೇರೆಯದೇ ಪುಸ್ತಕ ಆಗಬೇಕು.

ಕಣಜ ಮಡಕೆ ಮುಚ್ಚಿ ಮೂರು ವಾರ ದಾಟಿದ ಮೇಲೆ, ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ಮಡಕೆ ಒಳಗಿನಿಂದ ಕೊರೆದುಕೊಂಡಿತು. ತೂತಿನಲ್ಲಿ ಮೊದಲು ಮೀಸೆ, ಆಮೇಲೆ ಮುಖ. ಎಲ್ಲರೂ ನೋಡಿದೆವು. ಮಿಕ್ಕವು ಬಂದದ್ದು ರಜೆಯ ದಿನಗಳಲ್ಲಿ. ನಾನು ತೂತುಗಳನ್ನು ಕೆಳಗಿನಿಂದಲೇ ಒಮ್ಮೆ ಕಣ್ಣಾಡಿಸಿ ನೋಟ್‌ಬುಕ್ಕಿನಲ್ಲಿ "ಐದೂ ಬಂದವು" ಅಂತ ಬರೆದೆ. ನೀಲಿ ಪೆನ್ನಿನಲ್ಲಿ. 22ನೇ ಪುಟದ ಚಿತ್ರವೂ ಹಾಗೇ ಆಯಿತು: ಐದು ಮಡಕೆ, ಐದು ತೂತು, ಐದು ಕಣಜ ಹಾರಿ ಹೋಗುತ್ತಿವೆ.

ಪುಸ್ತಕ ಮರುವರ್ಷ ನವೆಂಬರಿನಲ್ಲಿ ಬಂತು. 300 ಪ್ರತಿ. ಹಳೇ ಮಣ್ಣಿನ ಗೂಡು ಇನ್ನೂ ಕಿಟಕಿ ಮೂಲೆಯಲ್ಲೇ ಇತ್ತು. ಮೊದಲ ದಿನವೇ ಮಕ್ಕಳು ಪುಸ್ತಕ ಹಿಡಿದು ಸಾಮಾನು ಕೋಣೆಗೆ ಓಡಿದರು. ಚಿತ್ರ ಒಮ್ಮೆ, ಗೋಡೆ ಒಮ್ಮೆ. ಬೆಂಚಿನ ಮೇಲೆ ಹತ್ತಿದ್ದ ಜೇಡದ ಹುಡುಗಿ, ಈಗ ಮೂರನೇ ತರಗತಿ, ಅಲ್ಲಿಂದಲೇ ಕೂಗಿದಳು.

"ಮಿಸ್, ತೂತು ನಾಲ್ಕೇ ಇದೆ."

ನಾನೂ ಹತ್ತಿ ನೋಡಿದೆ. ಬಲಗಡೆಯ ಕೊನೆಯ ಮಡಕೆಗೆ ತೂತಿರಲಿಲ್ಲ. ನಾನು ಕೆಳಗಿನಿಂದ ನೋಡಿ ತೂತು ಅಂದುಕೊಂಡಿದ್ದು ಮಣ್ಣಿನ ಕಪ್ಪು ಕಲೆ. ಕ್ರಿಸ್‌ಮಸ್ ರಜೆ ಕಳೆದು ಬಂದ ಮೇಲೆ ಎಲ್ಲರೂ ಒಪ್ಪಿ ಆ ಮಡಕೆಯನ್ನು ಪೇಪರಿನ ಮೇಲೆ ಒಡೆದೆವು. ಒಣಗಿ ಸುರುಟಿದ ಹುಳಗಳು ಇದ್ದವು, ಮುಟ್ಟಿದರೆ ಪುಡಿ. ಒಂದನ್ನೂ ಯಾರೂ ತಿಂದಿರಲಿಲ್ಲ.

"ಮೊಟ್ಟೆ ಒಡೆದೇ ಇಲ್ಲ ಅನ್ಸುತ್ತೆ," ಅಂದೆ.

"ಹಾಗಂತ ಬರೀರಿ ಮಿಸ್," ಅಂದಳು.

ಉಳಿದಿದ್ದ ಪ್ರತಿಗಳಲ್ಲಿ 22ನೇ ಪುಟದ ಕೊನೆಯ ತೂತಿನ ಮೇಲೆ ಮಕ್ಕಳೇ ಕಂದು ಬಣ್ಣದ ಕ್ರೇಯಾನ್ ಉಜ್ಜಿ ಮುಚ್ಚಿದರು. ಹಾರುತ್ತಿದ್ದ ಐದನೇ ಕಣಜವನ್ನು ಮಾತ್ರ ಮುಚ್ಚಲು ಆಗಲಿಲ್ಲ. ಅದು ಪಕ್ಕದೂರಿನದು ಅಂತ ತೀರ್ಮಾನ ಆಯಿತು. ಎರಡನೇ ಮುದ್ರಣಕ್ಕೆ ಗೆಳತಿ ಹೊಸ ಚಿತ್ರ ಬರೆದುಕೊಟ್ಟಿದ್ದಾಳೆ: ಐದು ಮಡಕೆ, ನಾಲ್ಕು ತೂತು. ಪದ 131 ಇದ್ದದ್ದು 134 ಆಗಿದೆ.